ನಾನು ಅನ್ನದೇ ಉಳಿದ ‘ನಂದು’

ಹೋದ ತಿಂಗಳು ಇಬ್ಬರು ತರುಣರು ಮನೆಗೆ ಬಂದಿದ್ದರು. ಇಬ್ಬರೂ ಈಗಷ್ಟೇ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಾಗಿ ಸೇರಿದವರು, ಕೊರಳಲ್ಲಿ ಸೀಟಿಯ ದಾರ ಇನ್ನೂ ಹೊಸತು. ಚಹಾ ಕುಡಿದಾದ ಮೇಲೆ ಒಬ್ಬ ಕೇಳಿದ: “ಸರ್, ನೀವು ಮೂವತ್ತು ವರ್ಷ ಫುಟ್ಬಾಲ್ ಟೀಮ್ ತಯಾರ್ ಮಾಡೀರಿ. ನಿಮ್ಮ ಫಿಲಾಸಫಿ ಏನಿತ್ರಿ? ಲೀಡರ್‌ಶಿಪ್, ಗೆಲುವು, ಮೌಲ್ಯ, ಇವುಗಳ ಮ್ಯಾಲ ನಾಕು ಮಾತು ಬರದು ಕೊಡ್ರಿ. ನಮಗ ಉಪಯೋಗ ಆಗ್ತದ.”

ಬರೆದುಕೊಡುತ್ತೇನೆ ಎಂದೆ. ಅಂಥ ನಾಲ್ಕು ಮಾತು ನನ್ನ ಬಳಿ ಸದಾ ತಯಾರಿರುತ್ತಿದ್ದವು. ಅವನ್ನೇ ಹಿಂದೆ ಮುಂದೆ ಮಾಡಿ ವಾರ್ಷಿಕೋತ್ಸವಗಳಲ್ಲಿ ಎಷ್ಟೋ ಸಲ ಚಪ್ಪಾಳೆ ಗಿಟ್ಟಿಸಿದ್ದೇನೆ. ಈ ಸಲ ಬರೆಯಲು ಕೂತರೆ ಪೆನ್ನು ಮುಂದೆ ಹೋಗಲಿಲ್ಲ. ಬರೆಯಬೇಕಾದದ್ದು ಬೇರೆಯೇ ಇದೆ ಎಂದು ನನಗೆ ಗೊತ್ತಿತ್ತು. ಅದನ್ನೇ ಬರೆಯುತ್ತಿದ್ದೇನೆ. ಓದಿ ನನ್ನ ಮೇಲಿನ ಗೌರವ ಕಡಿಮೆಯಾದರೆ ಆಗಲಿ, ಅದು ಮೊದಲೇ ಅಷ್ಟಕ್ಕೇ ಇರಬೇಕಾಗಿತ್ತು.

ಮೊದಲು ಕೆಲಸ ಎಂಥದ್ದು ಹೇಳಿಬಿಡುತ್ತೇನೆ. ನೇಮಕಾತಿ ಆದೇಶದಲ್ಲಿ ನಿರ್ದೇಶಕ ಎಂದಿರುತ್ತದೆ, ನಿರ್ದೇಶಿಸಲು ಯಾರೂ ಇರುವುದಿಲ್ಲ. ಪ್ರವೇಶದ ಸಮಯದಲ್ಲಿ ಸಾಲು ನಿಲ್ಲಿಸುವವರು ನೀವೇ. ಸಮಾರಂಭವಿದ್ದರೆ ಕುರ್ಚಿ ಹಾಕಿಸುವವರು ನೀವೇ. ಧ್ವಜಾರೋಹಣದ ದಿನ ಹಗ್ಗ ಸಿಕ್ಕಿಕೊಂಡರೆ ಇಡೀ ಕಾಲೇಜು ತಿರುಗಿ ನಿಮ್ಮ ಮುಖ ನೋಡುತ್ತದೆ. ಇವೆಲ್ಲದರ ನಡುವೆ ಸಮಯ ಸಿಕ್ಕರೆ ಆಟ. ಅದರಲ್ಲೂ ಕಲಬುರಗಿಯಲ್ಲಿ ಫುಟ್ಬಾಲ್. ಇಲ್ಲಿ ಹುಡುಗರು ಹುಟ್ಟುತ್ತಲೇ ಕ್ರಿಕೆಟ್ ಬ್ಯಾಟು ಹಿಡಿದಿರುತ್ತಾರೆ, ಇಲ್ಲದಿದ್ದರೆ ಕಬಡ್ಡಿಗೆ ಹೋಗುತ್ತಾರೆ. ಫುಟ್ಬಾಲಿಗೆ ಬರುವವರು ಎರಡೂ ಕಡೆ ಜಾಗ ಸಿಗದವರು. ನಾನೂ ಹಾಗೆಯೇ ಬಂದವನು, ಕೋಟೆಯೊಳಗಿನ ಬಯಲಿನಲ್ಲಿ ಬರಿಗಾಲಲ್ಲಿ ಆಡಿ ಕಲಿತವನು.

ನಮ್ಮ ಮೈದಾನ ಕರಿ ಎರೆಮಣ್ಣಿನದು. ಬೇಸಿಗೆಯಲ್ಲಿ ಬಿರುಕು ಬಿಡುತ್ತಿತ್ತು, ಚೆಂಡು ಅದರಲ್ಲಿ ಸಿಕ್ಕಿಕೊಳ್ಳುತ್ತಿರಲಿಲ್ಲ, ಹುಡುಗರ ಪಾದ ಸಿಕ್ಕಿಕೊಳ್ಳುತ್ತಿತ್ತು. ಮಳೆಯಾದರೆ ಬೂಟಿಗೆ ಕೆಸರು ಮೆತ್ತಿಕೊಂಡು ಒಂದೊಂದು ಕಾಲೂ ಎರಡು ಕಾಲಿನ ಭಾರವಾಗುತ್ತಿತ್ತು. ನಾನು ಸೇರಿದ ಮೊದಲ ವರ್ಷ ಹುಡುಗರೊಂದಿಗೆ ಬುಟ್ಟಿ ಹೊತ್ತು ಬಿರುಕುಗಳಿಗೆ ಮರಂ ಮಣ್ಣು ತುಂಬಿದೆ. ಗೋಲ್ ಕಂಬಕ್ಕೆ ನಂದೂರಿನ ಒಂದು ಬೇಳೆ ಮಿಲ್ಲಿನಿಂದ ಹಳೆಯ ಪೈಪು ಬೇಡಿ ತಂದೆ. ಬಣ್ಣ ಹಚ್ಚಿದರೂ ಎಷ್ಟೋ ವರ್ಷಗಳವರೆಗೆ ಚೆಂಡು ಕಂಬಕ್ಕೆ ಬಡಿದಾಗ ಒಳಗಿನಿಂದ ತೊಗರಿ ಹೊಟ್ಟು ಉದುರುತ್ತಿತ್ತು. ಎದುರಾಳಿ ತಂಡದವರು ನಗುತ್ತಿದ್ದರು. ನನಗೆ ಮಾತ್ರ ಆ ಮೈದಾನದ ಮೇಲೆ ಮನೆಯ ಮೇಲಿದ್ದುದಕ್ಕಿಂತ ಹೆಚ್ಚು ಪ್ರೀತಿ. ಬೆಳಗಿನ ಐದೂವರೆಗೆ ಸೀಟಿ ಊದಿದರೆ ಸುತ್ತಲಿನ ಮನೆಯವರು ಎದ್ದು ಬೈಯುತ್ತಿದ್ದರು. ಅದರಿಂದಲೇ ನನಗೆ ಸೀಟಿ ಮಾಸ್ತರ ಎಂಬ ಹೆಸರು ಬಂತು.

ನನ್ನ ಫಿಲಾಸಫಿ ಎಂದು ಆ ತರುಣರು ಕೇಳಿದ್ದು ಹುಟ್ಟಿದ್ದು ಒಂದು ಸೋಲಿನಲ್ಲಿ. ಅದನ್ನು ನೆನೆದರೆ ಈಗಲೂ ನಗು ಬರುತ್ತದೆ. ಪಂದ್ಯ ಸಮಬಲದಲ್ಲಿತ್ತು, ಮುಗಿಯಲು ಸ್ವಲ್ಪವೇ ಹೊತ್ತು ಉಳಿದಿತ್ತು. ಎದುರಾಳಿಗಳು ಒದ್ದ ಒಂದು ಮುದಿ ಚೆಂಡು ನಿಧಾನವಾಗಿ ಉರುಳುತ್ತ ಹಿಂದೆ ನಿಂತು ಗೋಲು ತಡೆಯುವ ನಮ್ಮ ಇಬ್ಬರು ಬ್ಯಾಕ್ ಆಟಗಾರರ ನಡುವೆ ಬಂತು. ಒಬ್ಬ ಅಂತಿಮ ವರ್ಷದವನು, ಇನ್ನೊಬ್ಬ ಮೊದಲ ವರ್ಷದವನು. ಚಿಕ್ಕವನು ಚೆಂಡಿನ ಹತ್ತಿರವಿದ್ದ. ಆದರೆ ಹಿರಿಯರು ಇರುವಾಗ ತಾನು ಒದೆಯುವುದು ಹೇಗೆ?

“ಅಣ್ಣಾ, ನೀವ್ ತಗೋರಿ” ಎಂದ.

“ಏ ಇರ್ಲಿ, ನೀ ತಗೋಪಾ” ಎಂದ ಹಿರಿಯ.

“ಇಲ್ರಿ, ನೀವ ತಗೋರಿ.”

ಹೋಳಿಗೆ ಬಡಿಸುವಾಗಿನ ಈ ಉಪಚಾರ ನಡೆಯುತ್ತಿದ್ದಾಗ ಎದುರಾಳಿಯ ಹುಡುಗನೊಬ್ಬ ಇಬ್ಬರ ನಡುವೆ ನುಗ್ಗಿ ಗೋಲು ಹೊಡೆದ. ನಾನು ಬಾಯಲ್ಲಿದ್ದ ಸೀಟಿ ಕಚ್ಚಿದ ರಭಸಕ್ಕೆ ಅದರ ಪ್ಲಾಸ್ಟಿಕ್ಕು ಸೀಳಿತು.

ಮರುದಿನ ಕಟ್ಟಳೆ ಮಾಡಿದೆ. ಮೈದಾನದಲ್ಲಿ ‘ರೀ’ ಇಲ್ಲ. ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಚೆಂಡು ಯಾರಿಗೆ ಹತ್ತಿರವೋ ಅವನು ‘ನಂದು’ ಎಂದು ಕೂಗಬೇಕು, ಉಳಿದವರು ಬಿಟ್ಟುಕೊಡಬೇಕು. ಕೂಗುವುದಕ್ಕೆ ಹುಡುಗರು ನಾಚಿದರು, ನಂದು ನಂದು ಎನ್ನುವುದು ಸೊಕ್ಕಿನ ಮಾತು ಎಂದೇ ಮನೆಯಲ್ಲಿ ಕಲಿತಿದ್ದರು. ಗೋಲ್‌ಕೀಪರ್ ಮೌಲಾ ಮಾತ್ರ ಮೊದಲ ದಿನವೇ ‘ಮೇರಾ’ ಎಂದು ಕೋಟೆಗೆ ಕೇಳುವಂತೆ ಅರಚಿದ. ಆಮೇಲೆ ಅವನೂ ನಂದು ಕಲಿತ.

ಅದೇ ವರ್ಷ ಆ ಮಾತಿಗೆ ಇನ್ನೊಂದು ಕೆಲಸ ಹಚ್ಚಿದೆ. ಪಂದ್ಯ ಮುಗಿದ ಮೇಲೆ ಎಲ್ಲರೂ ಸುತ್ತಲೂ ನಿಲ್ಲಬೇಕು. ಯಾರಿಂದ ಗೋಲು ಬಿತ್ತೋ, ಯಾರಿಂದ ಅವಕಾಶ ತಪ್ಪಿತೋ ಅವನು ತಾನಾಗಿ ಕೈ ಎತ್ತಿ ‘ನಂದು’ ಎನ್ನಬೇಕು. ಮೊದಲು ಕ್ಯಾಪ್ಟನ್ ಎತ್ತಬೇಕು. ಒಬ್ಬ ನಂದು ಎಂದ ಮೇಲೆ ಉಳಿದವರೆಲ್ಲ ‘ಆತು, ನಡಿ’ ಎಂದು ಒಂದೇ ದನಿಯಲ್ಲಿ ಹೇಳಬೇಕು, ಆಮೇಲೆ ಆ ತಪ್ಪಿನ ಮಾತು ಯಾರೂ ಎತ್ತಬಾರದು. ಚೆಂಡು ಬಂದಾಗ ನಂದು ಅನ್ನುವವನೇ ತಪ್ಪಾದಾಗಲೂ ನಂದು ಅನ್ನಬೇಕು, ನಾಯಕ ಅಂದರೆ ಇಷ್ಟೇ ಎಂದು ಹೇಳಿದೆ. ಹುಡುಗರು ನಂಬಿದರು. ನಾನೂ ನಂಬಿದ್ದೆ ಎಂದೇ ಅಂದುಕೊಂಡಿದ್ದೆ. ಆದರೆ ಅಷ್ಟು ವರ್ಷ ಆ ಸುತ್ತಿನ ನಟ್ಟನಡುವೆ ಸೀಟಿ ಹಿಡಿದು ನಿಂತ ನಾನು ಒಂದು ದಿನವೂ ಕೈ ಎತ್ತಲಿಲ್ಲ. ನೀವೂ ಎತ್ತಬೇಕಲ್ರಿ ಸರ್ ಎಂದು ಯಾರೂ ಕೇಳಲಿಲ್ಲ.

ಹೀಗೆ ಕೆಲವು ವರ್ಷ ಆದ ಮೇಲೆ ಒಬ್ಬ ಹೊಸ ಪ್ರಾಂಶುಪಾಲರು ಬಂದರು. ಕೆಟ್ಟವರಲ್ಲ, ಎಲ್ಲವನ್ನೂ ಅಳೆದು ನೋಡುವವರು. ಅವರ ಕೋಣೆಯಲ್ಲಿ ಗಾಜಿನ ಕಪಾಟು ಇತ್ತು, ಕಾಲೇಜು ನೋಡಲು ಬರುವ ತಜ್ಞರ ಕಣ್ಣಿಗೆ ಮೊದಲು ಬೀಳುವುದು ಅದೇ. ಅದರಲ್ಲಿ ಫುಟ್ಬಾಲಿನ ಕಪ್ ಒಂದೂ ಇರಲಿಲ್ಲ. ನನ್ನನ್ನು ಕರೆದು ಕಿಟಕಿಯಾಚೆಯ ಮೈದಾನ ತೋರಿಸಿದರು.

“ಮಾಸ್ತರ, ಈ ಸಲ ಕಪ್ ತರ್ರಿ, ಗ್ರೌಂಡ್ ಉಳೀತದ. ಇಲ್ಲಂದ್ರ ಹೊಸ ಕಟ್ಟಡಕ್ಕ ನನಗ ಬ್ಯಾರೆ ಜಾಗ ಕಾಣಂಗಿಲ್ಲ.”

ಆ ಮೈದಾನಕ್ಕಾಗಿಯೇ ಮುಂದಿನದೆಲ್ಲ ಮಾಡಿದೆ ಎಂದು ನಾನು ಬಹಳ ವರ್ಷ ನನಗೇ ಹೇಳಿಕೊಂಡೆ. ಅದು ಪೂರ್ತಿ ಖರೆ ಅಲ್ಲ. ನನಗೇ ಕಪ್ಪಿನ ಆಸೆ ಹುಟ್ಟಿತ್ತು. ಉಳಿದ ಕಾಲೇಜಿನವರು ನನ್ನನ್ನು ನೋಡಿ ಎದ್ದು ನಿಲ್ಲಬೇಕು ಎಂಬ ಆಸೆ.

ಆ ವರ್ಷ ನಮ್ಮ ತಂಡದಲ್ಲಿ ಇಬ್ಬರು ಶರಣಪ್ಪರಿದ್ದರು. ನಮ್ಮ ಕಡೆ ಒಂದು ತರಗತಿಯಲ್ಲಿ ಶರಣಪ್ಪ ಎಂದು ಕೂಗಿದರೆ ನಾಲ್ಕು ಜನ ‘ಎಸ್ ಸರ್’ ಅನ್ನುತ್ತಾರೆ, ಅದೇನು ವಿಶೇಷವಲ್ಲ. ಇವರಿಬ್ಬರೂ ಕಮಲಾಪುರದವರು, ಒಂದೇ ಓಣಿಯವರು. ಒಬ್ಬ ಆರು ಅಡಿ ಎತ್ತರ, ಅವನು ಉದ್ದ ಶರಣಪ್ಪ. ಇನ್ನೊಬ್ಬ ಅವನ ಭುಜದವರೆಗೆ ಬರುತ್ತಿದ್ದ, ಅವನು ಗಿಡ್ಡ ಶರಣಪ್ಪ. ಉದ್ದನವನ ತಂದೆ ಮಲ್ಲಿಕಾರ್ಜುನ, ಗಿಡ್ಡನ ತಂದೆ ಮಲ್ಲಪ್ಪ. ಉದ್ದ ಶರಣಪ್ಪ ನಾನು ಕಂಡ ಅತ್ಯುತ್ತಮ ಆಟಗಾರ. ಅವನನ್ನೇ ಕ್ಯಾಪ್ಟನ್ ಮಾಡಿದ್ದೆ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗುವುದು ಖಂಡಿತ, ಅಲ್ಲಿಂದ ಕ್ರೀಡಾ ಕೋಟಾದಲ್ಲಿ ನೌಕರಿ ಸಿಗುವುದೂ ಹೆಚ್ಚುಕಡಿಮೆ ಖಂಡಿತ ಎಂದು ಎಲ್ಲರೂ ಹೇಳುತ್ತಿದ್ದರು. ಗಿಡ್ಡ ಶರಣಪ್ಪ ಬ್ಯಾಕ್ ಆಡುತ್ತಿದ್ದ. ಸಾಧಾರಣ ಆಟ, ಆದರೆ ಹೇಳಿದ ಜಾಗ ಬಿಟ್ಟು ಕದಲುತ್ತಿರಲಿಲ್ಲ.

ಅಂತರ ಕಾಲೇಜು ಪಂದ್ಯಕ್ಕೆ ಪ್ರತಿಯೊಬ್ಬ ಆಟಗಾರನ ಎಲಿಜಿಬಿಲಿಟಿ ಫಾರ್ಮು ಕಳಿಸಬೇಕು: ಹೆಸರು, ತಂದೆಯ ಹೆಸರು, ಊರು, ಒಂದು ಸಣ್ಣ ಫೋಟೋ, ಅದರ ಮೇಲೆ ಕಾಲೇಜಿನ ಮುದ್ರೆ. ನಾನು ಮೈದಾನದಲ್ಲಿದ್ದಾಗ ಆಫೀಸಿನ ಗುಮಾಸ್ತ ಫಾರ್ಮುಗಳ ಕಟ್ಟು ಹಿಡಿದು ಬಿಸಿಲಲ್ಲಿ ನಡೆದು ಬಂದ.

“ಸರ್, ಈ ಕಮಲಾಪುರದ ಶರಣಪ್ಪಂದು ಎರಡು ಸಲ ಬಂದದ ನೋಡ್ರಿ. ಒಂದರಾಗ ಅಪ್ಪನ ಹೆಸರು ಮಲ್ಲಪ್ಪ ಅಂತ ಬರದಾನ, ಒಂದರಾಗ ಮಲ್ಲಿಕಾರ್ಜುನ ಅಂತ ಬರದಾನ. ಒಂದು ತೆಗೀಲೇನ್ರಿ?”

ಮಲ್ಲಪ್ಪ ಎಂದು ಕರೆಸಿಕೊಳ್ಳುವವನು ಕಾಗದದಲ್ಲಿ ಮಲ್ಲಿಕಾರ್ಜುನ ಆಗಿರುವುದು ನಮ್ಮಲ್ಲಿ ಮಾಮೂಲು, ಅವನ ಅನುಮಾನ ಸಹಜ. ನನ್ನ ಬಾಯಲ್ಲಿ ಸೀಟಿ ಇತ್ತು, ಕಣ್ಣು ಹುಡುಗರ ಮೇಲಿತ್ತು. ಅವನು ಹೇಳಿದ್ದು ಅರ್ಧ ಕೇಳಿಸಿತು. ಹೂಂ ಎಂದು ತಲೆ ಆಡಿಸಿದೆ. ಅವನು ಮಲ್ಲಿಕಾರ್ಜುನನ ಮಗನ ಫಾರ್ಮು ತೆಗೆದು ಹಾಕಿದ.

ಪಂದ್ಯಾವಳಿಗೆ ನಾಲ್ಕು ದಿನ ಇರುವಾಗ ಒಪ್ಪಿಗೆಯಾದ ಪಟ್ಟಿ ಬಂತು. ಅದರಲ್ಲಿ ಒಬ್ಬನೇ ಶರಣಪ್ಪ, ಅವನು ಗಿಡ್ಡ ಶರಣಪ್ಪ. ನನ್ನ ಕ್ಯಾಪ್ಟನ್ ಪಟ್ಟಿಯಲ್ಲೇ ಇಲ್ಲ!

ದಾರಿ ಇರಲಿಲ್ಲ ಎಂದಲ್ಲ. ತಪ್ಪು ಕಾಲೇಜಿನಿಂದ ಆಗಿದೆ, ಅದಕ್ಕೆ ನಾನು ಹೊಣೆ ಎಂದು ಬರೆದು, ಪ್ರಾಂಶುಪಾಲರ ಸಹಿ ಹಾಕಿಸಿಕೊಂಡು ಹೋಗಿ ಕೇಳಿದ್ದರೆ ಸೇರಿಸಿಕೊಳ್ಳುತ್ತಿದ್ದರೇನೋ. ಹಾಗೆ ಸೇರಿಸಿಕೊಂಡದ್ದನ್ನು ನಾನೇ ನೋಡಿದ್ದೆ. ಆ ಪತ್ರ ಬರೆಯಲೂ ಕೂತೆ. ನನ್ನ ಅಲಕ್ಷ್ಯದಿಂದ ಎಂಬಲ್ಲಿಗೆ ಬಂದು ನಿಂತೆ. ಗಾಜಿನ ಕಪಾಟಿನ ಮುಂದೆ ನಿಂತು ಆ ಮಾತು ಹೇಳಲು ನನಗೆ ಧೈರ್ಯ ಬರಲಿಲ್ಲ. ಕಾಗದ ಹರಿದು ಹಾಕಿದೆ. ಹೆಂಗೂ ಹೆಸರು ಒಂದೇ ಅದ, ಊರು ಒಂದೇ ಅದ, ಮುದ್ರೆಯ ಕೆಳಗಿನ ಫೋಟೋದಲ್ಲಿ ಮುಖ ಯಾರಿಗೆ ಕಾಣುತ್ತದೆ ಎಂದುಕೊಂಡೆ. ಉದ್ದನವನನ್ನು ಗಿಡ್ಡನ ಫಾರ್ಮಿನ ಮೇಲೆ ಆಡಿಸುವುದು ಎಂದು ಗಟ್ಟಿ ಮಾಡಿಕೊಂಡೆ.

ಉದ್ದ ಶರಣಪ್ಪನಿಗೆ ಹೇಳಿದಾಗ ಅವನು ನೆಲ ನೋಡಿದ, ಆಮೇಲೆ “ನೀವು ಹೆಂಗ ಹೇಳ್ತೀರಿ ಹಂಗ್ರಿ ಸರ್” ಎಂದ. ಗಿಡ್ಡನನ್ನು ಬೇರೆಯಾಗಿ ಕರೆದೆ.

“ಈ ಸಲ ನೀ ಬಿಡು. ಗ್ರೌಂಡ್ ಕಡೆ ಬರಲೂಬ್ಯಾಡ. ಮೈಕ್‌ನಾಗ ಹೆಸರು ಕೂಗಿದ್ರ ನೀ ತಿರುಗಿ ನೋಡ್ತಿ.”

ಅವನು, “ಲಿಸ್ಟ್‌ನಾಗ ಹೆಸರು ಬಂದದ ಅಂತ ಮನ್ಯಾಗ ಹೇಳೀನ್ರಿ ಸರ್” ಎಂದ.

“ಮುಂದಿನ ವರ್ಷ ಖರೇನ ಆಡ್ತಿ ತಗೋ” ಎಂದೆ. ಬೆನ್ನು ತಟ್ಟಿದೆ ಬೇರೆ.

ಫೈನಲ್‌ವರೆಗೆ ಯಾರಿಗೂ ಅನುಮಾನ ಬರಲಿಲ್ಲ. ಬರುವುದಾದರೂ ಹೇಗೆ? ಎಲ್ಲರೂ ಅವನನ್ನು ಶರಣಪ್ಪ ಎಂದೇ ಕರೆಯುತ್ತಿದ್ದರು, ಅವನು ಶರಣಪ್ಪನೇ ಆಗಿದ್ದ. ಫೈನಲ್‌ನಲ್ಲಿ ಮೊದಲ ಗೋಲು ಅವನೇ ಹೊಡೆದ. ಮೈಕಿನಲ್ಲಿ ಘೋಷಣೆ ಆಯಿತು: “ಗೋಲ್ ಹೊಡೆದವರು ಶರಣಪ್ಪ ಮಲ್ಲಪ್ಪ, ಕಮಲಾಪುರ!”

ಅದನ್ನು ಕೇಳಿ ಜನರ ನಡುವಿನಿಂದ ಒಬ್ಬ ಮನುಷ್ಯ ಎದ್ದು ನಿಂತ. ಬಿಳಿ ಧೋತರ, ತಲೆಗೆ ರುಮಾಲು, ಕೈಯಲ್ಲಿ ಬಟ್ಟೆಯ ಚೀಲ. ಗಿಡ್ಡ ಶರಣಪ್ಪನ ತಂದೆ ಮಲ್ಲಪ್ಪ. ಅಂದು ನೆಹರು ಗಂಜ್ ಮಾರುಕಟ್ಟೆಗೆ ತೊಗರಿ ತಂದವನು, ಮಾಲು ಇಳಿಸಿ, ಮಗನ ಆಟ ನೋಡಿಯೇ ಊರಿಗೆ ಹೋಗೋಣ ಎಂದು ದಾರಿ ಕೇಳಿಕೊಂಡು ಬಂದಿದ್ದ. ಅಷ್ಟು ದೂರದಿಂದ ಆಡುವವರ ಗುರುತು ಹತ್ತಿರಲಿಲ್ಲ, ನೇರ ಮೈಕಿನ ಮೇಜಿಗೆ ಹೋಗಿ, “ಅವ ನನ್ನ ಮಗ ರೀ. ಮಲ್ಲಪ್ಪ ಅಂದ್ರ ನಾನ” ಎಂದನಂತೆ. ಮೇಜಿನವರಿಗೆ ಅವನ ಸಂತೋಷ ನೋಡಿ ಹುರುಪು ಬಂತು. ಹಾಫ್ ಟೈಮಿನಲ್ಲಿ ಮತ್ತೆ ಮೈಕು ಕೂಗಿತು: ಗೋಲ್ ವೀರನ ತಂದೆಯವರು ಕಮಲಾಪುರದಿಂದ ಬಂದಿದ್ದಾರೆ, ತಮ್ಮ ತೋಟದ ಕೆಂಪು ಬಾಳೆಹಣ್ಣನ್ನು ಮಗನಿಗೆ ಕೈಯಾರೆ ತಿನ್ನಿಸಲಿದ್ದಾರೆ, ಚಪ್ಪಾಳೆ!

ನಾನು ಮೈದಾನದ ಆಚೆ ಬದಿಯಲ್ಲಿದ್ದೆ. ಮಲ್ಲಪ್ಪ ಜನರೆಲ್ಲ ನೋಡುತ್ತಿದ್ದಂತೆ ಒಂದು ಹಣ್ಣು ಸುಲಿದು ಹಿಡಿದು, ನಗುತ್ತ ನಡೆದು ಬಂದ. ಹತ್ತಿರ ಬಂದವನು ನಿಂತುಬಿಟ್ಟ.

“ಏ, ನೀ ಮಲ್ಲಿಕಾರ್ಜುನನ ಮಗ ಅಲ್ಲೇನೋ? ಉದ್ದನ ಶರಣ್ಯಾ? ನಮ್ಮವ ಎಲ್ಲಿ ಹಾನ?” ಎಂದು ಸುತ್ತಲೂ ನೋಡಿದ. “ಮೈಕ್‌ನಾಗ ನನ್ನ ಹೆಸರು ಕೂಗಿದ್ರಲ್ರಿ?”

ಎದುರಾಳಿ ಕಾಲೇಜಿನ ಮಾಸ್ತರರು ಅಲ್ಲೇ ನಿಂತಿದ್ದರು. ಅವರು ಕಿವುಡರಾಗಿರಲಿಲ್ಲ.

ಐದು ನಿಮಿಷದಲ್ಲಿ ನಾವೆಲ್ಲ ಮೇಜಿನ ಮುಂದೆ ನಿಂತಿದ್ದೆವು. ಫಾರ್ಮು ತೆಗೆದು ಫೋಟೋವನ್ನು ಬಿಸಿಲಿಗೆ ಹಿಡಿದು ನೋಡಿದರು. ಪಂದ್ಯಾವಳಿ ಸಮಿತಿಯ ಹಿರಿಯರು ತಲೆ ಎತ್ತಿ, “ಇದು ಹೆಂಗಾತು?” ಎಂದು ಕೇಳಿದರು. ನನ್ನನ್ನೇ ನೋಡಿ ಕೇಳಿದ್ದು. ಹೇಳಬೇಕಾಗಿದ್ದುದು ಒಂದೇ ಮಾತು, ನಾನೇ ಕಲಿಸಿದ ಮಾತು.

ಉದ್ದ ಶರಣಪ್ಪ ಸುತ್ತಿನಲ್ಲಿ ನಿಂತಾಗ ಎತ್ತುವಂತೆಯೇ ಕೈ ಎತ್ತಿದ.

“ನಂದ್ರಿ. ತಪ್ಪು ನಂದ್ರಿ. ನಾನ ಅವನ ಫಾರ್ಮ್ ಮ್ಯಾಲ ಆಡೀನಿ. ಸರ್‌ಗೆ ಗೊತ್ತಿಲ್ಲ.”

ಹಿರಿಯರು ನನ್ನ ಕಡೆ ತಿರುಗಿದರು. “ಹೌದಾ ಮಾಸ್ತರ?”

ನಾನು, “ವಿಚಾರಿಸ್ತೀನ್ರಿ” ಎಂದೆ.

ಅಷ್ಟೇ ನಾನು ಹೇಳಿದ್ದು. ವಿಚಾರಿಸುತ್ತೇನೆ! ಕಚೇರಿಯಲ್ಲಿ ಫೈಲು ಮುಂದೆ ತಳ್ಳುವ ಮಾತು ನನ್ನ ಬಾಯಿಂದ ಆ ಹೊತ್ತಿನಲ್ಲಿ ಬಂತು. ಮಲ್ಲಪ್ಪ ಸುಲಿದ ಹಣ್ಣು ಹಿಡಿದು ಇನ್ನೂ ಅಲ್ಲೇ ನಿಂತಿದ್ದ. ಏನೋ ಕೆಟ್ಟಿತು, ತನ್ನಿಂದಲೇ ಕೆಟ್ಟಿತು ಎಂದಷ್ಟೇ ಅವನಿಗೆ ತಿಳಿದಂತೆ ಕಂಡಿತು. ಹಣ್ಣನ್ನು ಹಾಗೆಯೇ ಚೀಲಕ್ಕೆ ಹಾಕಿಕೊಂಡು, ಯಾರಿಗೋ ಕೈ ಮುಗಿದು, ಗೇಟಿನ ಕಡೆ ಹೋದ.

ನಮ್ಮ ತಂಡವನ್ನು ಹೊರಗೆ ಹಾಕಿದರು. ಉದ್ದ ಶರಣಪ್ಪ ಓದು ಮುಗಿಯುವವರೆಗೆ ಯಾವ ಪಂದ್ಯದಲ್ಲೂ ಆಡುವಂತಿಲ್ಲ ಎಂದಾಯಿತು. ಗಿಡ್ಡನಿಗೂ ಒಂದು ವರ್ಷ ಅದೇ ಶಿಕ್ಷೆ, ಫಾರ್ಮು ಕೊಟ್ಟದ್ದಕ್ಕೆ. ಸಂಜೆ ಹಾಸ್ಟೆಲಿಗೆ ಹೋಗಿ ಉದ್ದನವನನ್ನು, ಯಾಕ ಹಂಗ ಹೇಳಿದಿ ಎಂದು ಕೇಳಿದೆ. ಅವನು ಸಿಟ್ಟು ಮಾಡಿದ್ದರೆ ನನಗೆ ಸುಖವಾಗುತ್ತಿತ್ತು.

“ಕ್ಯಾಪ್ಟನ್ ಮೊದಲ ಕೈ ಎತ್ತಬೇಕು ಅಂತ ನೀವ ಹೇಳಿದ್ರಲ್ರಿ ಸರ್” ಎಂದ.

ವಾಪಸು ಬಂದೆ. ಎರಡು ತಿಂಗಳಲ್ಲಿ ಅವನು ಕಾಲೇಜು ಬಿಟ್ಟ.

ಇಲ್ಲಿಗೆ ಮುಗಿದಿದ್ದರೆ ನಾನು ಹೇಡಿ ಎಂದಷ್ಟೇ ಆಗುತ್ತಿತ್ತು. ಮುಂದಿನದು ಅದಕ್ಕಿಂತ ಕೆಟ್ಟದ್ದು. ಯಾರೋ ಎಲ್ಲಿಯೋ ಹೇಳತೊಡಗಿದರು: ಸೀಟಿ ಮಾಸ್ತರು ಭಾರಿ ಕಟ್ಟುನಿಟ್ಟು, ತಪ್ಪು ಮಾಡಿದ ಅಂತ ತಮ್ಮ ಕ್ಯಾಪ್ಟನ್ನನ್ನೇ ಬಿಡಲಿಲ್ಲ. ನಾನು ಅಲ್ಲ ಎನ್ನಲಿಲ್ಲ. ಮೊದಲ ಸಲ ಕೇಳಿದಾಗ ನಾಚಿಕೆಯಾಯಿತು, ಎರಡನೆಯ ಸಲ ಸುಮ್ಮನಿದ್ದೆ, ಮೂರನೆಯ ಸಲ ಒಂದು ಭಾಷಣದಲ್ಲಿ ಅದನ್ನು ನಾನೇ ಹೇಳಿದೆ. ಹೆಸರು ಹೇಳಲಿಲ್ಲ, ‘ನನ್ನ ಅತ್ಯುತ್ತಮ ಆಟಗಾರ’ ಎಂದೆ. ಗೆಲುವಿಗಿಂತ ಮೌಲ್ಯ ದೊಡ್ಡದು ಎಂದೆ. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನೀವು ಕೇಳಿದ ಫಿಲಾಸಫಿ ಇದೇ, ತಮ್ಮಂದಿರಾ. ನಿಮ್ಮಲ್ಲಿ ಒಬ್ಬ, ಆ ಭಾಷಣ ಕೇಳಿಯೇ ಈ ವೃತ್ತಿಗೆ ಬಂದೆ ಎಂದನಲ್ಲ, ಅವನು ಎದ್ದು ಹೋದ ಮೇಲೆ ನನಗೆ ಊಟ ಸೇರಲಿಲ್ಲ.

ಮೈದಾನದ ಅರ್ಧಕ್ಕೆ ಹೊಸ ಕಟ್ಟಡ ಬಂತು. ಕಪ್ ಬಂದಿದ್ದರೂ ಬರುತ್ತಿತ್ತು, ನಕ್ಷೆ ಮೊದಲೇ ತಯಾರಾಗಿತ್ತು ಎಂದು ಆಮೇಲೆ ತಿಳಿಯಿತು. ಆಟ ಕಲಿಸುವ ರೀತಿಯೂ ಬದಲಾಯಿತು. ಈಗ ನೀವು ಮೊಬೈಲಿನಲ್ಲಿ ಪಂದ್ಯ ಹಿಡಿದು ಹುಡುಗರಿಗೆ ತೋರಿಸುತ್ತೀರಿ, ಯಾರ ತಪ್ಪು ಎಂದು ಪರದೆಯೇ ಹೇಳುತ್ತದೆ, ಕೈ ಎತ್ತುವ ಕೆಲಸ ಉಳಿದಿಲ್ಲ. ಒಳ್ಳೆಯದೇ ಇರಬಹುದು. ಆದರೆ ಮೈದಾನದ ಹೊರಗೆ ನಡೆಯುವುದನ್ನು ಯಾವ ಮೊಬೈಲೂ ಹಿಡಿಯುವುದಿಲ್ಲ, ಅದನ್ನು ನೆನಪಿಟ್ಟುಕೊಳ್ಳಿ.

ನಿವೃತ್ತನಾದ ಮೇಲೆ, ಹೋದ ಚಳಿಗಾಲದಲ್ಲಿ, ಒಂದು ಫೋನು ಬಂತು. “ಸರ್, ನಾ ಗಿಡ್ಡ ಶರಣಪ್ಪ ಮಾತಾಡ್ಲಾಕತ್ತೀನ್ರಿ, ಕಮಲಾಪುರದಿಂದ.” ಅವನು ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದ. ಹುಡುಗಿಯರ ಫುಟ್ಬಾಲ್ ಪಂದ್ಯವಿದೆ, ಬಂದು ನಾಲ್ಕು ಮಾತು ಹೇಳಬೇಕು ಎಂದ. ಅದೇ ನಾಲ್ಕು ಮಾತು! ಒಲ್ಲೆ ಎನ್ನಲು ಬಾಯಿ ತೆರೆದೆ, ಬರುತ್ತೇನೆ ಎಂದುಬಿಟ್ಟೆ.

ಬಸ್ಸಿಳಿದಾಗ ಇಬ್ಬರೂ ನಿಂತಿದ್ದರು. ಗಿಡ್ಡನ ತಲೆ ನರೆತಿತ್ತು. ಉದ್ದನವನು ಸ್ವಲ್ಪ ಬಾಗಿದ್ದ. ಅದೇ ಶಾಲೆಯ ವ್ಯಾನು ಓಡಿಸುತ್ತಾನೆ, ಸಂಜೆ ಹುಡುಗಿಯರಿಗೆ ಆಟ ಹೇಳಿಕೊಡುತ್ತಾನೆ. ತಂಡ ಅವನದೇ. ಇಬ್ಬರೂ ಕಾಲು ಮುಟ್ಟಿದರು. ಆ ಕ್ಷಣದಲ್ಲಿ ವಾಪಸು ಹೋಗುವ ಬಸ್ಸು ಹಿಡಿದು ಓಡಿಹೋಗಬೇಕು ಎನಿಸಿತು.

ಉದ್ದನವನು ಮೈದಾನಕ್ಕೆ ಗೆರೆ ಹಾಕಲು ಹೋದ. ನಾನೂ ಗಿಡ್ಡನೂ ಚಹಾ ಕುಡಿಯುತ್ತ ಕೂತೆವು. ತಂದೆಯವರು ಹೇಗಿದ್ದಾರೆ ಎಂದು ಕೇಳಿದೆ. ಕೇಳಲೇಬೇಕಿತ್ತು.

“ಅಪ್ಪ ಹೋಗಿ ಮೂರು ವರ್ಷ ಆತ್ರಿ” ಎಂದ. ಕಪ್ಪು ಕೆಳಗಿಟ್ಟ. “ಕಡೀತನ ಒಂದ ಮಾತು ಹೇಳ್ತಿದ್ದ ನೋಡ್ರಿ ಸರ್. ‘ನಾ ಅವತ್ತು ಗ್ರೌಂಡಿಗೆ ಬರಬಾರದಿತ್ತಲೋ ಶರಣಾ. ಬಾಯಿ ಮುಚ್ಚಿಕೊಂಡು ಅವಗ ಹಣ್ಣು ತಿನಸಿದ್ರ ಆಗ್ತಿತ್ತು. ಆ ಹುಡುಗನ ನೌಕರಿ ಹೋತು, ತಪ್ಪು ನಂದು’ ಅಂತ. ಮಲ್ಲಿಕಾರ್ಜುನ ಕಾಕಾನ ಮನಿ ಮುಂದ ಹಾದು ಹೋಗ್ತಿದ್ದಿಲ್ಲ, ಸುತ್ತು ಹಾಕ್ಕೊಂಡು ಬರ್ತಿದ್ದ.”

ಉದ್ದ ಶರಣಪ್ಪ ನಂದು ಎಂದಿದ್ದ. ಮೈದಾನದ ಕಟ್ಟಳೆ ಗೊತ್ತೇ ಇಲ್ಲದ ಮಲ್ಲಪ್ಪ ಸಾಯುವವರೆಗೆ ನಂದು ಎಂದ. ತಪ್ಪು ನಿಜವಾಗಿ ಯಾರದ್ದೋ ಆ ನಾನೊಬ್ಬ ಮಾತ್ರ ವಿಚಾರಿಸುತ್ತಲೇ ಇದ್ದೆ. ಚಹಾ ಆರಿಹೋಗಿತ್ತು, ಅದನ್ನೇ ಕುಡಿದೆ.

ಪಂದ್ಯ ಶುರುವಾಯಿತು. ಪುಟ್ಟ ಪುಟ್ಟ ಹುಡುಗಿಯರು, ಜಡೆ ಮೇಲೆ ಕಟ್ಟಿಕೊಂಡು, ಚೆಂಡು ಬಂದಾಗಲೆಲ್ಲ “ನಂದೂ!” ಎಂದು ಕೂಗುತ್ತಿದ್ದರು. ರೀ ಇಲ್ಲ, ಅಕ್ಕ ಇಲ್ಲ. ಕಾರ್ನರಿನಿಂದ ಬಂದ ಚೆಂಡಿಗೆ ಒಂದು ಗೋಲು ಬಿದ್ದು ಸೋತರು. ಮುಗಿದ ಮೇಲೆ ಸುತ್ತಲೂ ನಿಂತರು. ಉದ್ದ ಶರಣಪ್ಪನೂ ಹುಡುಗಿಯರ ಸಾಲಿನಲ್ಲೇ ನಿಂತ. ಕ್ಯಾಪ್ಟನ್ ಹುಡುಗಿ ಕೈ ಎತ್ತುವ ಮೊದಲೇ ಅವನು ಎತ್ತಿದ.

“ನಂದು. ಕಾರ್ನರ್‌ಗೆ ಯಾರು ಎಲ್ಲಿ ನಿಂದರಬೇಕಂತ ನಾ ಸರಿಯಾಗಿ ಹೇಳಿದ್ದಿಲ್ಲ.”

“ಆತು, ನಡಿ!” ಎಂದರು ಎಲ್ಲರೂ.

ನನ್ನ ಕಟ್ಟಳೆಯಲ್ಲಿ ನಾನು ಬಿಟ್ಟಿದ್ದುದನ್ನು ಅವನು ಸೇರಿಸಿದ್ದ. ಮೈಕು ಸಿದ್ಧವಾಗಿತ್ತು, ನನ್ನ ಹೆಸರು ಕೂಗಿದರು. ನಾನು ಮೈಕಿನ ಕಡೆ ಹೋಗಲಿಲ್ಲ. ಆ ಸುತ್ತಿಗೆ ಹೋಗಿ, ಇಬ್ಬರು ಹುಡುಗಿಯರ ನಡುವೆ ಜಾಗ ಮಾಡಿಕೊಂಡು ನಿಂತು, ಕೈ ಎತ್ತಿದೆ. ಗಿಡ್ಡನನ್ನೂ ಹತ್ತಿರ ಕರೆದೆ.

“ನಂದು” ಎಂದೆ. “ಗುಮಾಸ್ತ ಕೇಳ್ದಾಗ ನಾ ನೋಡಲಾರ್ದ ತಲಿ ಆಡಿಸ್ದೆ. ಈ ಉದ್ದ ಶರಣಪ್ಪನ ಫಾರ್ಮು ಹೋತು. ಅದನ್ನ ಒಪ್ಪಿಕೊಳ್ಳಾಕ ಅಂಜಿ ಇವನ್ನ ಗಿಡ್ಡನ ಫಾರ್ಮಿನ ಮ್ಯಾಲ ಆಡಿಸ್ದೆ. ಇವ ನಂದು ಅಂದಾಗ ಬಾಯಿ ಮುಚ್ಚಿಕೊಂಡು ನಿಂತೆ. ಮಲ್ಲಪ್ಪನವರದೇನೂ ತಪ್ಪಿದ್ದಿಲ್ಲ. ಎಲ್ಲಾ ನಂದು.”

ಹುಡುಗಿಯರಿಗೆ ಅದರ ತಲೆಬುಡ ತಿಳಿಯಲಿಲ್ಲ. ಆದರೆ ಕಟ್ಟಳೆ ಗೊತ್ತಿತ್ತು. “ಆತು, ನಡಿ!” ಎಂದು ಒಟ್ಟಿಗೆ ಕೂಗಿದರು. ಪಕ್ಕದ ಪುಟ್ಟ ಹುಡುಗಿ ನನ್ನ ಬಿಳಿ ತಲೆ ನೋಡಿ ಮೆಲ್ಲಗೆ “ನಡೀರಿ” ಎಂದು ತಿದ್ದಿದಳು. ಉದ್ದ ಶರಣಪ್ಪನೂ ಹೇಳಿದ, ನನ್ನ ಕೈ ಹಿಡಿದು ಕೆಳಗಿಳಿಸಿದ. ಗಿಡ್ಡ ಶರಣಪ್ಪ ಮಾತ್ರ ಹೇಳಲಿಲ್ಲ. ಬೇರೆ ಕಡೆ ನೋಡುತ್ತ ನಿಂತಿದ್ದ. ಅವನು ಹೇಳಬೇಕು ಎಂದು ಕೇಳುವ ಹಕ್ಕು ನನಗಿರಲಿಲ್ಲ.

ಸಂಜೆ ಬಸ್ ನಿಲ್ದಾಣದವರೆಗೆ ಅವನೇ ಬಂದ. ಬಸ್ಸು ಬಂತು, ಹತ್ತಿ ಕಿಟಕಿಯ ಪಕ್ಕ ಕೂತೆ. ಅವನು ಒಂದು ಚೀಲ ಒಳಗೆ ಕೊಟ್ಟ, ಅದರಲ್ಲಿ ಅವರ ತೋಟದ ಕೆಂಪು ಬಾಳೆಹಣ್ಣುಗಳಿದ್ದವು. ಕಿಟಕಿಯ ಸರಳು ಹಿಡಿದು ನಿಂತ.

“ಅವತ್ತು ನಾ ಆಡಿದ್ರ ಗೋಲ್ ಹೊಡೀತಿದ್ದಿಲ್ಲ ಬಿಡ್ರಿ ಸರ್, ಬ್ಯಾಕ್ ಆಡಾಂವ ನಾ” ಎಂದ. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ಅವನು ಎರಡು ಹೆಜ್ಜೆ ಜೊತೆಗೇ ನಡೆದ.

“ಗೋಲ್ ಹೊಡೀದಿದ್ರೂ ಅಪ್ಪ ಆ ಹಣ್ಣು ನನಗ ತಿನಸ್ತಿದ್ದ.”